ಬಿಟ್‌ಕಾಯಿನ್ನಿನ ಏರಿಕೆ: ಸಂಪತ್ತೋ, ಸಟ್ಟೆಯೋ?

ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ನಿವೃತ್ತ ಶಿಕ್ಷಕರೊಬ್ಬರು ಬಂದಿದ್ದರು. ಮೂವತ್ತು ವರ್ಷಗಳಿಗೂ ಮಿಕ್ಕಿದ ಸೇವೆಯ ತರುವಾಯ ಕೈಗೆ ಬಂದ ಭವಿಷ್ಯನಿಧಿಯ ಹಣದಲ್ಲಿ ಅರ್ಧವನ್ನು ಬಿಟ್‌ಕಾಯಿನ್ನಿನಲ್ಲಿ ತೊಡಗಿಸಬೇಕೆಂದು ಬೆಂಗಳೂರಿನಲ್ಲಿರುವ ಅವರ ಮಗನು ಒತ್ತಾಯಪಡಿಸುತ್ತಿರುವನಂತೆ. "ಸಂಪಾದಕರೇ, ಇದು ನಾಣ್ಯವೋ ಜೂಜೋ, ಒಂದು ಮಾತಿನಲ್ಲಿ ಹೇಳಿರಿ" ಎಂದು ಅವರು ಕೇಳಿದರು. ಒಂದು ಮಾತಿನಲ್ಲಿ ಹೇಳುವದು ನಮ್ಮಿಂದಾಗಲಿಲ್ಲ. ಆದರೆ ಈ ಪ್ರಶ್ನೆಯು ಅವರೊಬ್ಬರದೇ ಅಲ್ಲ. ಇಂದು ಅನೇಕ ಮನೆಗಳಲ್ಲಿ ತಂದೆಮಕ್ಕಳ ನಡುವೆ ಇದೇ ಚರ್ಚೆಯು ನಡೆದಿರುವದು. ಆದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುವದು ಯುಕ್ತವೆಂದು ಬಗೆದಿದ್ದೇವೆ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. 2008ರ ಅಕ್ಟೋಬರ್ 31ರಂದು ಸಾತೋಶಿ ನಾಕಾಮೋಟೋ ಎಂಬ ಹೆಸರಿನಿಂದ ಈ ಯೋಜನೆಯು ಪ್ರಕಟವಾಯಿತು. 2009ರ ಜನವರಿ 3ರಂದು ಕಾರ್ಯಕ್ಕೆ ಬಂದಿತು. ಇದಕ್ಕೆ ಟಂಕಸಾಲೆಯಿಲ್ಲ, ರಾಜಮುದ್ರೆಯಿಲ್ಲ. ಲೋಕದ ನಾನಾ ಭಾಗಗಳಲ್ಲಿರುವ ಸಾವಿರಾರು ಕಂಪ್ಯೂಟರುಗಳು ಒಂದೇ ಕಿರ್ದಿಯ ಪ್ರತಿಗಳನ್ನು ಇಟ್ಟುಕೊಂಡು, ಯಾರಿಂದ ಯಾರಿಗೆ ಎಷ್ಟು ಸಂದಿತೆಂಬುದನ್ನು ಪರಸ್ಪರ ತಾಳೆ ನೋಡುವವು. ಆ ಕಿರ್ದಿಗೆ ಹೊಸ ಪುಟವನ್ನು ಸೇರಿಸಿದವನಿಗೆ ಹೊಸ ನಾಣ್ಯಗಳು ಕೂಲಿಯಾಗಿ ದೊರೆಯುವವು. ಮೊದಲು 50 ಇದ್ದ ಈ ಕೂಲಿಯು ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅರ್ಧವಾಗುತ್ತ ಬಂದು, 2024ರ ಏಪ್ರಿಲಿನಲ್ಲಿ 3.125ಕ್ಕೆ ಇಳಿಯಿತು. ಒಟ್ಟು ನಾಣ್ಯಗಳ ಸಂಖ್ಯೆಯು 2 ಕೋಟಿ 10 ಲಕ್ಷವನ್ನು ಮೀರಬಾರದೆಂದು ಅದರ ಕಟ್ಟಳೆಯಾಗಿರುವದು.

ಇನ್ನು ಬೆಲೆಯ ಸಂಗತಿ. 2010ರ ಮೇ 22ರಂದು ಅಮೇರಿಕೆಯ ಫ್ಲೋರಿಡಾದಲ್ಲಿ ಒಬ್ಬನು 10,000 ಬಿಟ್‌ಕಾಯಿನ್ನುಗಳನ್ನು ಕೊಟ್ಟು ಎರಡು ಪಿಝ್ಝಾಗಳನ್ನು ತರಿಸಿಕೊಂಡನು. 2017ರ ಡಿಸೆಂಬರಿನಲ್ಲಿ ಒಂದೊಂದರ ಬೆಲೆಯು 20 ಸಾವಿರ ಡಾಲರಿನ ಸಮೀಪಕ್ಕೆ ಏರಿತು. ವರ್ಷದೊಳಗಾಗಿ 3,200ರ ಸುಮಾರಿಗೆ ಕುಸಿಯಿತು. 2021ರ ನವೆಂಬರಿನಲ್ಲಿ 69 ಸಾವಿರದ ಮಟ್ಟವನ್ನು ಮುಟ್ಟಿತು. ಮರುವರ್ಷದ ನವೆಂಬರಿನಲ್ಲಿ 16 ಸಾವಿರದ ಕೆಳಗೆ ಬಿದ್ದಿತು. 2024ರ ಡಿಸೆಂಬರಿನಲ್ಲಿ ಒಂದು ಲಕ್ಷವನ್ನು ದಾಟಿ, 2025ರ ಅಕ್ಟೋಬರಿನಲ್ಲಿ 1 ಲಕ್ಷ 26 ಸಾವಿರವನ್ನು ಕಂಡು, ಮರುತಿಂಗಳಿನಲ್ಲಿಯೇ 90 ಸಾವಿರದ ಕೆಳಗೆ ಇಳಿಯಿತು. ಏರಿಕೆಯ ಸುದ್ದಿಯು ಚಹದಂಗಡಿಯಲ್ಲಿ ಕೇಳಿಬರುವದು. ಇಳಿಕೆಯ ಸುದ್ದಿಯನ್ನು ಕಳಕೊಂಡವನು ಹೆಂಡತಿಗೂ ಹೇಳನು.

ಪ್ರತಿಪಕ್ಷದವರ ವಾದವನ್ನು ಸಮಾಧಾನದಿಂದ ಕೇಳುವದು ನ್ಯಾಯ. 1637ರಲ್ಲಿ ಹಾಲೆಂಡಿನ ಟ್ಯುಲಿಪ್ ಗಡ್ಡೆಗಳ ಬೆಲೆಯು ಒಮ್ಮೆ ಬಿದ್ದುದು ಮತ್ತೆ ಏಳಲಿಲ್ಲ. ಇದಾದರೋ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದು ಬಿದ್ದು ಎದ್ದಿರುವದು, ಆದುದರಿಂದ ಇದು ಬರಿಯ ನೀರ್ಗುಳ್ಳೆಯಲ್ಲ ಎಂದು ಅವರೆನ್ನುವರು. ಬಂಗಾರವಾದರೂ ಬಡ್ಡಿ ಕೊಡುವದೇ, ಸರಕಾರಗಳು ಅಚ್ಚುಹಾಕುವ ಕಾಗದದ ಹಣದ ಕಸುವು ವರ್ಷ ವರ್ಷಕ್ಕೆ ಕುಗ್ಗುತ್ತಿಲ್ಲವೇ ಎಂದು ಕೇಳುವರು. 2024ರ ಜನವರಿಯಲ್ಲಿ ಅಮೇರಿಕೆಯ ನಿಯಂತ್ರಣಾಧಿಕಾರಿಗಳು ಬಿಟ್‌ಕಾಯಿನ್ನನ್ನು ಕೊಂಡಿಡುವ ನಿಧಿಗಳಿಗೆ ಶೇರುಪೇಟೆಯ ಬಾಗಿಲನ್ನು ತೆರೆದುದನ್ನೂ ತೋರಿಸುವರು. ಈ ಮಾತುಗಳು ತಳ್ಳಿಹಾಕತಕ್ಕವುಗಳಲ್ಲ.

ಆದರೂ ವಿಚಾರಿಸಬೇಕು. ಹೊಲವು ಬೆಳೆ ಕೊಡುವದು, ಮನೆಯು ಬಾಡಿಗೆ ತರುವದು, ಕಂಪನಿಯ ಶೇರು ಲಾಭದ ಪಾಲನ್ನು ಕೊಡುವದು. ಈ ಉತ್ಪನ್ನದಿಂದ ಅವುಗಳ ಯೋಗ್ಯ ಬೆಲೆಯನ್ನು ಗುಣಿಸಿ ನೋಡಬಹುದು. ಬಂಗಾರಕ್ಕೆ ಉತ್ಪನ್ನವಿಲ್ಲದಿದ್ದರೂ ಸಹಸ್ರಾರು ವರ್ಷಗಳ ನಂಬುಗೆಯಿದೆ, ಕೊರಳಲ್ಲಿ ಧರಿಸುವ ಉಪಯೋಗವಿದೆ. ಬಿಟ್‌ಕಾಯಿನ್ನು ತನ್ನ ಒಡೆಯನಿಗೆ ಕೊಡುವದು ಒಂದೇ: ನಾಳೆ ಬರುವ ಗಿರಾಕಿಯ ಹಣ. ವಿರಳವಾದುದೆಲ್ಲ ಬೆಲೆಯುಳ್ಳದ್ದಾಗಲಾರದು. ಇದಕ್ಕೆ ಆಧಾರವಾದ ವಸ್ತುವೇನೂ ಇಲ್ಲ, ಒಂದು ಟ್ಯುಲಿಪ್ ಸಹ ಇಲ್ಲ, ಎಂಬರ್ಥದ ಮಾತನ್ನು ರಿಝರ್ವ್ ಬ್ಯಾಂಕಿನ ಅಂದಿನ ಗವರ್ನರರಾದ ಶಕ್ತಿಕಾಂತ ದಾಸರು 2022ರ ಫೆಬ್ರುವರಿಯಲ್ಲಿ ಆಡಿದ್ದರು. ನಾಣ್ಯವಾಗಿಯಾದರೂ ಇದು ನಿಂತಿತೇ? ಎಲ್ ಸಾಲ್ವಡೋರ್ ದೇಶವು 2021ರ ಸಪ್ಟೆಂಬರಿನಲ್ಲಿ ಇದನ್ನು ರಾಷ್ಟ್ರದ ಚಲಾವಣೆಗೆ ತಂದಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲ ಪಡೆಯುವ ಒಪ್ಪಂದದ ಮೇರೆಗೆ 2025ರ ಜನವರಿಯಲ್ಲಿ ಅದನ್ನು ಸ್ವೀಕರಿಸುವ ಕಡ್ಡಾಯವನ್ನು ತೆಗೆದುಹಾಕಿತು.

ಸಟ್ಟೆಯು ನಮಗೆ ಹೊಸದಲ್ಲ. 1861ರಲ್ಲಿ ಅಮೇರಿಕೆಯಲ್ಲಿ ಅಂತಃಕಲಹವು ಹುಟ್ಟಿ ಅಲ್ಲಿಯ ಹತ್ತಿಯು ಇಂಗ್ಲಂಡಿಗೆ ಹೋಗುವದು ನಿಂತಾಗ, ನಮ್ಮ ಧಾರವಾಡದ ಹತ್ತಿಯು ಘಟ್ಟವಿಳಿದು ಕುಮಟೆಯಿಂದ ಹಡಗವೇರಿತು. ಮುಂಬಯಿಗೆ ಹೊಳೆಯಂತೆ ಹಣ ಬಂದಿತು. ಪ್ರೇಮಚಂದ ರಾಯಚಂದರೇ ಮೊದಲಾದ ಸಾಹುಕಾರರ ಮುಂದಾಳುತನದಲ್ಲಿ ಕಂಪನಿಗಳು ಅಣಬೆಗಳಂತೆ ಎದ್ದವು; ಸಮುದ್ರವನ್ನು ಹೂಳಿ ನೆಲ ಮಾಡುವೆವೆಂದ ಕಂಪನಿಯ ಶೇರುಗಳು ಮುಖಬೆಲೆಯ ಅನೇಕ ಪಟ್ಟಿಗೆ ಮಾರಿದವು. 1865ರಲ್ಲಿ ಯುದ್ಧವು ಮುಗಿಯಿತು; ಹತ್ತಿಯ ಬೆಲೆಯೊಡನೆ ಎಲ್ಲವೂ ಕುಸಿಯಿತು. ಸ್ವತಃ ಪ್ರೇಮಚಂದರು ದಿವಾಳಿಯಾದರು. ಮುಂಬಯಿ ಬ್ಯಾಂಕು ಚೇತರಿಸಲಾರದೆ 1868ರಲ್ಲಿ ಮುಚ್ಚಿತು. ವಾಚಕರು ಗಮನಿಸಬೇಕಾದುದೇನೆಂದರೆ, ಅಂದಿನ ಹತ್ತಿಯು ಸುಳ್ಳಾಗಿರಲಿಲ್ಲ, ಗಿರಣಿಗಳ ಹಸಿವೂ ಸುಳ್ಳಾಗಿರಲಿಲ್ಲ; ಸುಳ್ಳಾದುದು ಬೆಲೆ ಮಾತ್ರ. ವಸ್ತುವು ನಿಜವಾದ ಮಾತ್ರಕ್ಕೆ ಬೆಲೆಯು ನಿಜವಾಗದು. ಬಿಟ್‌ಕಾಯಿನ್ನಿನ ಕಿರ್ದಿಯು ಬುದ್ಧಿವಂತಿಕೆಯ ಶೋಧವೇ ಸರಿ. ಅದರಿಂದ ಲಕ್ಷ ಡಾಲರಿನ ಬೆಲೆಯು ಸಿದ್ಧವಾಗುವದಿಲ್ಲ.

ನಮ್ಮ ಅಭಿಪ್ರಾಯವಿಷ್ಟು. ಈ ಗುಳ್ಳೆಯು ಇಂಥ ದಿನ ಒಡೆಯುವದೆಂದು ಯಾರೂ ಹೇಳಲಾರರು. ದಿನ ಹೇಳುವವನೂ ಒಂದು ಬಗೆಯ ಸಟ್ಟೆಯನ್ನೇ ಆಡುತ್ತಿರುವನು. ಆದರೆ ಮುಂದಿನ ಗಿರಾಕಿಯ ಆಶೆಯ ಹೊರತು ಬೇರೆ ಆಧಾರವಿಲ್ಲದ ಬೆಲೆಗೆ ಸಟ್ಟೆಯ ಬೆಲೆ ಎಂಬುದೇ ಸರಿಯಾದ ಹೆಸರು. ಇದರ ಮೇಲೆ ಅಂಗಡಿಕಾರರ ಭಯವೊಂದು. 2014ರಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ಪೇಟೆಯು ಲಕ್ಷಗಟ್ಟಲೆ ನಾಣ್ಯಗಳನ್ನು ಕಳಕೊಂಡು ಮುಳುಗಿತು. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ದಿವಾಳಿಯೆದ್ದಿತು. ಗಿರಾಕಿಗಳ ಹಣವನ್ನು ನುಂಗಿದ ಅದರ ಯಜಮಾನನಿಗೆ 2024ರ ಮಾರ್ಚಿನಲ್ಲಿ 25 ವರ್ಷಗಳ ಸೆರೆವಾಸವಾಯಿತು. ನಮ್ಮಲ್ಲಿಯೇ 2024ರ ಜುಲೈಯಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿಗಳ ಸ್ವತ್ತು ಕಳುವಾಯಿತು. ಇಲ್ಲಿ ಜನರು ಕೆಟ್ಟುದು ಬೆಲೆಯ ಇಳಿತದಿಂದಲ್ಲ, ಗಂಟು ಪರರ ಕೈಯಲ್ಲಿದ್ದುದರಿಂದ.

ಸರಕಾರದ ನಡತೆಯೂ ಸಮಾಧಾನಕರವಾಗಿಲ್ಲ. ಈ ವ್ಯವಹಾರಕ್ಕೆ ಬ್ಯಾಂಕುಗಳು ನೆರವಾಗಕೂಡದೆಂದು 2018ರ ಏಪ್ರಿಲಿನಲ್ಲಿ ರಿಝರ್ವ್ ಬ್ಯಾಂಕು ಅಪ್ಪಣೆ ಮಾಡಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡಾ 30ರ ತೆರಿಗೆಯು ಬಂದಿತು. ಒಂದರಲ್ಲಿಯ ಹಾನಿಯನ್ನು ಮತ್ತೊಂದರ ಲಾಭದಲ್ಲಿ ಕಳೆಯಲು ಆಸ್ಪದವಿಲ್ಲವಾಯಿತು. ತೆರಿಗೆಯು ಮುಂಚೆ ಬಂದಿತು, ರಕ್ಷಣೆಯ ಶಾಸನವು ಹಿಂದುಳಿಯಿತು. ಲಾಭದಲ್ಲಿ ಪಾಲುಗೊಳ್ಳುವ ಸರಕಾರವು, ಗಿರಾಕಿಗಳ ಗಂಟನ್ನು ಬೇರೆಯಾಗಿಡಬೇಕು, ಲೆಕ್ಕಗಳನ್ನು ವರ್ಷವರ್ಷಕ್ಕೆ ತಪಾಸಣೆಗೆ ಒಪ್ಪಿಸಬೇಕು ಎಂಬಷ್ಟು ಕಟ್ಟಳೆಯನ್ನಾದರೂ ಈ ಅಂಗಡಿಗಳಿಗೆ ಹಾಕುವದು ಧರ್ಮ.

ಇನ್ನು ಆ ಶಿಕ್ಷಕರಿಗೆ ನಮ್ಮ ಉತ್ತರ. ಮಗನು ದುಡಿಯುವ ವಯಸ್ಸಿನವನು. ಕಳೆದರೆ ಮತ್ತೆ ಗಳಿಸಿಯಾನು. ಹೋದರೂ ಚಿಂತೆಯಿಲ್ಲವೆನ್ನುವಷ್ಟನ್ನು ಅವನು ತನ್ನ ಸಂಬಳದಿಂದ ಹಾಕಿಕೊಳ್ಳಲಿ. ತಮ್ಮ ಭವಿಷ್ಯನಿಧಿಯಾದರೋ ಮತ್ತೊಮ್ಮೆ ಬರುವ ಹಣವಲ್ಲ. ಮಾಸ್ತರರೇ, ಅದನ್ನು ಮುಟ್ಟಬೇಡಿರಿ.