ಬೀಜ ಕೊಡದ್ದನ್ನು ಕಡ್ಡಿ ಕೊಟ್ಟಿತು

ಬೇಸಿಗೆ ಕಳೆಯುತ್ತ ಬಂದರೆ ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ಹಲಸಿನದೇ ಘಮಲು. ತೆಂಗು, ಅಡಿಕೆ ತೋಟಗಳ ಅಂಚಿನಿಂದ, ಹೊಲದ ಬದುಗಳಿಂದ ಇಳಿಸಿದ ಕಾಯಿಗಳು ಇಲ್ಲಿನ ಮಾರುಕಟ್ಟೆಗೆ ಬಂದು ರಾಶಿ ಬೀಳುತ್ತಿದ್ದವು. ಇಲ್ಲಿಂದ ಲಾರಿ ಏರಿ ದೂರದೂರುಗಳಿಗೆ ಹೋಗುತ್ತಿದ್ದವು. ಕೊಳ್ಳುವವರ ಕಣ್ಣು ಮೊದಲು ಬೀಳುತ್ತಿದ್ದುದು ಗಾತ್ರದ ಮೇಲೆ. ಹೆಗಲ ಮೇಲೆ ಹೊರುವಂಥ ಕಾಯಿಗೆ ಬೆಲೆ. ಒಳಗಿನ ತೊಳೆ ಬಿಳಿಚಿಕೊಂಡಿದೆಯೋ, ಅರಿಶಿನದ ಬಣ್ಣಕ್ಕಿದೆಯೋ, ಸಿಹಿಯೋ ಸಪ್ಪೆಯೋ ಎಂಬುದು ಕೊಯ್ದ ಮೇಲಷ್ಟೇ ಗೊತ್ತಾಗಬೇಕು.

ಈ ಲೆಕ್ಕದಲ್ಲಿ ಇದೇ ಊರಿನ ಎಸ್.ಕೆ. ಸಿದ್ದಪ್ಪ ಅವರ ಜಮೀನಿನ ಒಂದು ಮರ ಸೋತೇ ಹೋಗಬೇಕಿತ್ತು. ಅವರು ತಾವೇ ನೆಟ್ಟು ಬೆಳೆಸಿದ ಆ ಮರದಲ್ಲಿ ಬಿಡುತ್ತಿದ್ದುದು ಪುಟ್ಟ ಕಾಯಿ. ಸರಾಸರಿ ಎರಡೂವರೆ ಕಿಲೊ ಕೂಡ ದಾಟದು. ಆದರೆ ಹಣ್ಣನ್ನು ಸೀಳಿದವರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಒಳಗೆ ತಾಮ್ರದ ಬಣ್ಣದ ಕೆಂಪು ತೊಳೆಗಳು. ಕಚ್ಚಿದರೆ ಗರಿಗರಿ, ಜಗಿದರೆ ಜೇನಿನಂಥ ಸಿಹಿ. ಕೆಂಪು ತೊಳೆಯ ಹಲಸನ್ನು ಈ ಸೀಮೆಯ ಜನ ಚಂದ್ರ ಹಲಸು ಎನ್ನುತ್ತಾರೆ. ಅಂಥ ಮರಗಳು ಅಲ್ಲೊಂದು ಇಲ್ಲೊಂದು ಇದ್ದವು. ಈ ಬಣ್ಣ, ಈ ಗರಿ, ಈ ಸಿಹಿ ಮೂರೂ ಒಂದೇ ಹಣ್ಣಿನಲ್ಲಿ ಕೂಡಿಬಂದದ್ದು ಮಾತ್ರ ಅಪರೂಪ.

ಮರ ಮಗ ಎಸ್.ಎಸ್. ಪರಮೇಶ್ ಅವರ ಕೈಗೆ ಬಂತು. ಹಣ್ಣು ನೆಂಟರಿಷ್ಟರ ಮನೆಗೆ ಹೋಯಿತು. ತಿಂದವರು ಮರುವರ್ಷ ಮತ್ತೆ ಕೇಳಿದರು. ರುಚಿ ಹತ್ತಿದವರ ಮುಂದಿನ ಕೋರಿಕೆ ಎಲ್ಲ ಊರುಗಳಲ್ಲೂ ಒಂದೇ: ಇದರದ್ದೊಂದು ಗಿಡ ನಮ್ಮಲ್ಲೂ ಆದರೆ?

ತೊಡಕು ಶುರುವಾಗುತ್ತಿದ್ದುದು ಅಲ್ಲೇ. ಹಲಸು ನೆಡುವ ದಾರಿ ತಲೆತಲಾಂತರದಿಂದ ಒಂದೇ ಆಗಿತ್ತು. ಒಳ್ಳೆಯ ಹಣ್ಣು ತಿಂದರೆ ಬೀಜ ಎತ್ತಿಟ್ಟುಕೊಳ್ಳುವುದು, ಅದು ಒಣಗುವ ಮೊದಲೇ ಮಣ್ಣಿಗೆ ಹಾಕುವುದು. ಕೊರಟಗೆರೆ, ಮಧುಗಿರಿ, ಶಿರಾ ಕಡೆಯ ಬದುಗಳಲ್ಲಿ ನಿಂತ ಹಳೆಯ ಮರಗಳೆಲ್ಲ ಹೀಗೆ ಹುಟ್ಟಿದವು. ಬೀಜ ಮೊಳೆಯುತ್ತಿತ್ತು, ಗಿಡ ಏಳುತ್ತಿತ್ತು. ದನದ ಬಾಯಿಂದ ತಪ್ಪಿಸಿ, ಬೇಸಿಗೆಯಲ್ಲಿ ಬಿಂದಿಗೆ ನೀರು ಹೊತ್ತು, ಏಳೆಂಟು ವರ್ಷ ಕಾದ ಮೇಲೆ ಮೊದಲ ಕಾಯಿ ಕಾಣುತ್ತಿತ್ತು. ಅದನ್ನು ಕೊಯ್ದರೆ ಒಳಗೆ ಇನ್ಯಾವುದೋ ಹಲಸು! ಬಣ್ಣ ಬೇರೆ, ರುಚಿ ಬೇರೆ. ಕೆಲವೊಮ್ಮೆ ಬಾಯಲ್ಲಿಟ್ಟರೆ ಜಾರುವ ಅಂಬಲಿ ತೊಳೆ. ಕಾದ ವರ್ಷಗಳು ನೀರಲ್ಲಿ ಹೋದಂತೆ. ಎಷ್ಟೋ ಮರಗಳು ಇದೇ ಕಾರಣಕ್ಕೆ ಕೊಡಲಿಗೆ ಬಿದ್ದು, ಬಾಗಿಲು, ಕಿಟಕಿ, ತೊಲೆಗಳಾದವು.

ಹಾಗಾಗಿ ಸಿದ್ದಪ್ಪ ಅವರ ಮರ ಒಂಟಿಯಾಗಿಯೇ ಉಳಿಯಿತು. ಮೂವತ್ತು ವರ್ಷ ದಾಟಿದರೂ ಆ ರುಚಿ ಇದ್ದದ್ದು ಒಂದೇ ಕಡೆ. ಒಂದು ಸಿಡಿಲು ಸಾಕಿತ್ತು, ಒಂದು ಮರದ ವ್ಯಾಪಾರ ಸಾಕಿತ್ತು, ಅದು ಭೂಮಿಯ ಮೇಲಿಂದಲೇ ಅಳಿಸಿಹೋಗಲು.

ಅತ್ತ ತುಮಕೂರು–ಬೆಂಗಳೂರು ಹೆದ್ದಾರಿಯ ಹಿರೇಹಳ್ಳಿಯಲ್ಲಿ ಇನ್ನೊಂದು ಹುಡುಕಾಟ ನಡೆದಿತ್ತು. ಅಲ್ಲಿರುವುದು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರ. ಡಾ. ಜಿ. ಕರುಣಾಕರನ್ ಅದರ ಮುಖ್ಯಸ್ಥರಾಗಿದ್ದರು. ಹೊಸ ಹಣ್ಣಿನ ತಳಿ ಬೇಕೆಂದರೆ ಸಾಮಾನ್ಯವಾಗಿ ವಿಜ್ಞಾನಿಗಳು ಹೂವಿಗೆ ಹೂ ಕೂಡಿಸಿ, ಬೀಜ ಬಿತ್ತಿ, ವರ್ಷಗಟ್ಟಲೆ ಕಾಯುತ್ತಾರೆ. ಹಲಸಿನಂಥ ಹೆಮ್ಮರದಲ್ಲಿ ಒಬ್ಬರ ಸೇವಾವಧಿಯೇ ಆ ಕಾಯುವಿಕೆಗೆ ಸಾಲದು. ಆದರೆ ಆ ಪ್ರಯೋಗವನ್ನು ರೈತರ ಬದುಗಳು ನೂರಾರು ವರ್ಷಗಳಿಂದ ಮಾಡುತ್ತಲೇ ಬಂದಿದ್ದವು. ಬೀಜದಿಂದ ಹುಟ್ಟಿದ ಒಂದೊಂದು ಮರವೂ ಒಂದೊಂದು ಹೊಸ ತಳಿ. ಬೇಕಾದದ್ದು ಅವುಗಳ ನಡುವೆ ಚಿನ್ನದಂಥದ್ದನ್ನು ಹೆಕ್ಕುವ ಕಣ್ಣು.

ಆ ಕಣ್ಣಿಗೆ ಚೇಳೂರಿನ ಮರ ಬಿತ್ತು. ಹಣ್ಣು ಪ್ರಯೋಗಾಲಯಕ್ಕೆ ಹೋಯಿತು. ನಾಲಿಗೆ ಹೇಳುತ್ತಿದ್ದುದನ್ನು ಉಪಕರಣಗಳೂ ಹೇಳಿದವು. ಸರಾಸರಿ ತೂಕ 2.44 ಕಿಲೊ. ಒಳಗೆ 25ರಿಂದ 30 ತೊಳೆ. ಸಿಹಿ ಅಳೆಯುವ ಬ್ರಿಕ್ಸ್ ಮಾಪನದಲ್ಲಿ 31. ಕೆಂಪಿನ ಗುಟ್ಟು ಲೈಕೊಪೀನ್, ಟೊಮೆಟೊಗೆ ಬಣ್ಣ ಕೊಡುವ ಅದೇ ವಸ್ತು. ಸಾಮಾನ್ಯ ಹಲಸಿನ 100 ಗ್ರಾಂ ತೊಳೆಯಲ್ಲಿ ಅದು 0.2 ಮಿಲಿಗ್ರಾಂನಷ್ಟಿದ್ದರೆ, ಇದರಲ್ಲಿ 2 ಮಿಲಿಗ್ರಾಂ. ಮಾರುಕಟ್ಟೆಯಲ್ಲಿ ದೋಷವೆನಿಸಿದ್ದ ಗಾತ್ರವೂ ಇಲ್ಲಿ ಗುಣವಾಯಿತು. ನಾಲ್ಕೈದು ಜನರ ಮನೆಯವರು ಒಂದೇ ಹೊತ್ತಿಗೆ ತಿಂದು ಮುಗಿಸಬಹುದಾದ ಹಲಸು ಅದು.

ಗುರುತು ಸಿಕ್ಕಿತು, ಒಗಟು ಬಿಡಲಿಲ್ಲ. ಇದ್ದದ್ದು ಒಂದೇ ಮರ, ಬೀಜ ನಂಬುವಂತಿಲ್ಲ. ಉಳಿದ ದಾರಿ ಕಸಿ. ಹಲಸು ಮಾತ್ರ ಕಸಿಗೆ ಸುಲಭಕ್ಕೆ ಒಗ್ಗುವ ಮರವಲ್ಲ. ಚಾಕು ತಾಗಿದಲ್ಲೆಲ್ಲ ಮೇಣ ಉಕ್ಕುತ್ತದೆ, ಕೈಗೂ ಚಾಕುವಿಗೂ ಅಂಟುತ್ತದೆ. ಗಾಳಿಯಲ್ಲಿ ತೇವವಿಲ್ಲದಿದ್ದರೆ ಕಡ್ಡಿ ಚಿಗುರುವ ಮೊದಲೇ ಒಣಗುತ್ತದೆ.

ಕೆಲಸ ತಾಯಿಮರದಿಂದಲೇ ಶುರುವಾಗಬೇಕಿತ್ತು. ಬೇಕಾದ ಕೊಂಬೆಯ ತುದಿಯ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿ, ವಾರ ಹತ್ತು ದಿನ ಮರದ ಮೇಲೆಯೇ ಬಿಡುವುದು. ಮೊಗ್ಗು ಉಬ್ಬಿದಾಗ ಕಡ್ಡಿ ಕೊಯ್ಯುವುದು. ಬೀಜದಿಂದ ಎದ್ದ ಎಳೆ ಸಸಿಯೊಂದನ್ನು, ಅದೇ ದಪ್ಪದ್ದನ್ನು, ಆರಿಸಿ ತಲೆ ತೆಗೆದು ನಡುವೆ ಸೀಳುವುದು. ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಹೆರೆದು ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೆ ಚಿಕ್ಕ ಪ್ಲಾಸ್ಟಿಕ್ ಟೋಪಿ ಹಾಕುವುದು. ಇದು ಮೃದುಕಾಂಡ ಕಸಿ. ಆಮೇಲೆ ಕಾಯುವುದು. ಮೂರು ನಾಲ್ಕು ವಾರದಲ್ಲಿ ಹಸಿರು ಚಿಗುರು ಇಣುಕಿದರೆ ಬದುಕಿತು. ಕಡ್ಡಿ ಕಪ್ಪಾದರೆ ಮೊದಲಿನಿಂದ ಮತ್ತೆ. ಒಂದೇ ಮರ ವರ್ಷಕ್ಕೆ ಎಷ್ಟು ಕಡ್ಡಿ ತಾನೇ ಕೊಟ್ಟೀತು? ಮೊದಲು ಬದುಕಿದ ಗಿಡಗಳನ್ನೇ ಮುಂದಿನ ತಾಯಿಗಿಡಗಳಾಗಿ ಬೆಳೆಸಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾಯಿತು.

ಇನ್ನೊಂದು ಅಪಾಯ ಬಾಗಿಲಲ್ಲೇ ನಿಂತಿತ್ತು. ಕಸಿಯ ಕಡ್ಡಿ ಒಮ್ಮೆ ಬೇಲಿ ದಾಟಿದರೆ ಅದು ಯಾರ ಮರದ್ದೆಂದು ಯಾರೂ ಕೇಳುವುದಿಲ್ಲ. ಇಂದು ಜಗತ್ತಿನಲ್ಲಿ ಹೆಚ್ಚು ಮಾರಾಟವಾಗುವ ಬೆಣ್ಣೆಹಣ್ಣಿನ ತಳಿ 'ಹ್ಯಾಸ್' ಕಥೆಯೇ ಇದಕ್ಕೆ ಸಾಕ್ಷಿ. ಅದು ಹುಟ್ಟಿದ್ದೂ ಚೇಳೂರಿನ ಮರದಂತೆ ಆಕಸ್ಮಿಕದಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಂಚೆ ಹಂಚುತ್ತಿದ್ದ ರುಡಾಲ್ಫ್ ಹ್ಯಾಸ್ 1920ರ ದಶಕದಲ್ಲಿ ಬೀಜ ನೆಟ್ಟು ಬೆಳೆಸಿದ ಸಸಿಯೊಂದಕ್ಕೆ ಬೇರೆ ತಳಿಯ ಕಸಿ ಕಟ್ಟಿಸಿದ್ದರು. ಕಸಿ ಮತ್ತೆ ಮತ್ತೆ ಸೋತಿತು. ಕಡಿದೇ ಬಿಡಬೇಕೆಂದುಕೊಂಡ ಗಿಡ ಹೇಗೋ ಉಳಿದು ಹಣ್ಣು ಬಿಟ್ಟಿತು, ಮನೆಯ ಮಕ್ಕಳಿಗೆ ಹಿಡಿಸಿತು. 1935ರಲ್ಲಿ ಅವರು ಪೇಟೆಂಟ್ ಪಡೆದರು. ಆದರೆ ಬೆಳೆಗಾರರು ಒಂದು ಗಿಡ ಕೊಂಡು, ಉಳಿದವನ್ನು ತಾವೇ ಕಸಿ ಮಾಡಿಕೊಂಡರು. ಲೋಕಕ್ಕೆಲ್ಲ ಹಣ್ಣು ಕೊಟ್ಟ ಮನುಷ್ಯನ ಕೈಗೆ ಬಂದದ್ದು ಅತ್ಯಲ್ಪ.

ಚೇಳೂರಿನಲ್ಲಿ ಹಾಗಾಗಲು ಬಿಡಲಿಲ್ಲ. 2017ರಲ್ಲಿ ಸಂಸ್ಥೆ ಪರಮೇಶ್ ಅವರೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಸಸಿ ಬೆಳೆಸಿ ಮಾರುವ ಹೊಣೆ ಸಂಸ್ಥೆಯದು. ಬಂದ ಹಣದಲ್ಲಿ ಶೇ 75 ಭಾಗ ಮರದ ಒಡೆಯನದು. ನೆಟ್ಟವರ ನೆನಪಿಗೆ ತಳಿಗೆ 'ಸಿದ್ದು' ಎಂದು ಹೆಸರಿಟ್ಟರು. ಸುದ್ದಿ ಹಬ್ಬುತ್ತಿದ್ದಂತೆ ಬೇಡಿಕೆ ಉಕ್ಕಿತು. ಹಣ್ಣು ಮಾರಿ ಎಂದೂ ಕಾಣದ ಲಕ್ಷಗಳನ್ನು ಆ ಮನೆ ಸಸಿಗಳಿಂದ ಕಂಡಿತು. ಕೊಡಲಿಗೆ ಸಿಗಬಹುದಾಗಿದ್ದ ಮರ ಕಾವಲಿಗೆ ಯೋಗ್ಯವಾದ ಮರವಾಯಿತು.

ಒಂದು ಬಾಗಿಲು ತೆರೆದ ಮೇಲೆ ಇನ್ನಷ್ಟು ತೆರೆದವು. ಗುಬ್ಬಿ ತಾಲ್ಲೂಕಿನ ಚೌಡ್ಲಾಪುರದ ಶಂಕರಯ್ಯ ಅವರ ತೋಟದಲ್ಲಿದ್ದ ಕೆಂಪು ಹಲಸು 'ಶಂಕರ' ಎಂಬ ಹೆಸರಿನಿಂದ ಇದೇ ಹಾದಿ ಹಿಡಿಯಿತು. ತುಮಕೂರು ಜಿಲ್ಲೆಯ ನಂದಿಹಳ್ಳಿಯ ರೈತರೊಬ್ಬರ ಹುಣಸೆ ಮರ 'ಲಕ್ಷ್ಮಣ' ತಳಿಯಾಯಿತು. ಪಾವಗಡ, ಶಿರಾದ ಕೆಂಪು ಮಣ್ಣಿನಲ್ಲಿ ಮಳೆ ಕೈಕೊಟ್ಟಾಗಲೂ ನಿಲ್ಲುವ ಮರ ಹುಣಸೆ. ಅಲ್ಲಿ ಇಂಥ ಆಯ್ಕೆಯ ಬೆಲೆ ಇನ್ನೂ ಹೆಚ್ಚು.

ಎಲ್ಲ ಹೆಸರುಗಳಿಗೂ ಈ ಭಾಗ್ಯ ಬರಲಿಲ್ಲ. ಮಧುಗಿರಿಗೆ ತನ್ನದೇ ಹೆಸರಿನ ದಾಳಿಂಬೆ ಇತ್ತು. ತೋಟಗಾರಿಕೆಯ ಪುಸ್ತಕಗಳು ಕರ್ನಾಟಕದ ತಳಿಗಳನ್ನು ಎಣಿಸುವಾಗ 'ಮಧುಗಿರಿ' ಎಂದು ಈಗಲೂ ಬರೆಯುತ್ತವೆ. ಆದರೆ ಈ ಸೀಮೆಯ ದಾಳಿಂಬೆ ತೋಟಗಳನ್ನು ಹೆಚ್ಚಾಗಿ ತುಂಬಿದ್ದು ಮಹಾರಾಷ್ಟ್ರದ 'ಭಗ್ವಾ'. ಕಡ್ಡಿ ಕೊಯ್ದು ಮುಂದಕ್ಕೆ ದಾಟಿಸುವವರಿಲ್ಲದಿದ್ದರೆ ಊರಿನ ಹೆಸರು ಹೊತ್ತ ಹಣ್ಣೂ ಪುಸ್ತಕದ ಸಾಲಿಗೆ ಇಳಿಯುತ್ತದೆ.

ಹಾಗಾದರೆ ಬೀಜ ಏಕೆ ಮಾತು ತಪ್ಪುತ್ತಿತ್ತು? ಹಲಸಿನ ಒಂದೇ ಮರದಲ್ಲಿ ಗಂಡು ಹೂಗೊಂಚಲು, ಹೆಣ್ಣು ಹೂಗೊಂಚಲು ಬೇರೆ ಬೇರೆ. ಹೆಣ್ಣು ಗೊಂಚಲಿಗೆ ಪರಾಗ ಹೆಚ್ಚಾಗಿ ಬರುವುದು ಸುತ್ತಲಿನ ಇತರ ಮರಗಳಿಂದ. ಒಂದು ಹಣ್ಣು ನೂರಾರು ಹೂಗಳು ಕೂಡಿ ಆದದ್ದು. ಒಂದೊಂದು ತೊಳೆಯೊಳಗಿನ ಬೀಜಕ್ಕೂ ತಂದೆ ಬೇರೆಯಿರಬಹುದು. ತಾಯಿಯ ಗುಣ ಅದರಲ್ಲಿ ಅರ್ಧ ಮಾತ್ರ. ಕಡ್ಡಿಯಲ್ಲಿ ಬೆರಕೆಯಿಲ್ಲ: ಅದು ತಾಯಿಮರದ್ದೇ ತುಂಡು. ಕೆಳಗಿನ ಸಸಿ ಬೇರು ಕೊಡುತ್ತದೆ, ನೀರು ಕೊಡುತ್ತದೆ. ಹಣ್ಣನ್ನು ತೀರ್ಮಾನಿಸುವುದು ಮೇಲಿನ ಕಡ್ಡಿ. ಹಣ್ಣು ಬಿಡುವ ವಯಸ್ಸಿಗೆ ಬಂದ ಮರದ ಕಡ್ಡಿಯಾದ್ದರಿಂದ ಕಸಿ ಗಿಡ ಮೂರು ನಾಲ್ಕು ವರ್ಷಕ್ಕೇ ಕಾಯಿ ಕಚ್ಚುತ್ತದೆ.

ಮನೆಯ ಹಿತ್ತಲಿಗೆ ಗಿಡ ಆರಿಸುವವರಿಗೆ ಚೇಳೂರಿನ ಮರ ಕೊಟ್ಟ ತೀರ್ಪು ಇಷ್ಟೇ: ಮೊದಲು ಮರವನ್ನು ಆರಿಸಬೇಕು, ಅದರ ಹಣ್ಣು ತಿಂದು ನೋಡಬೇಕು, ಆಮೇಲೆ ಅದೇ ಮರದ ಕಡ್ಡಿಯಿಂದಾದ ಕಸಿ ಗಿಡ ನೆಡಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬದುಗಳಲ್ಲಿ ಹೆಸರಿಲ್ಲದ ಹಲಸು, ಹುಣಸೆ, ಮಾವುಗಳು ಇನ್ನೂ ಎಷ್ಟೋ ನಿಂತಿವೆ. ಅವುಗಳಲ್ಲಿ ಯಾವುದನ್ನೂ ರುಚಿ ನೋಡದೆ ಕಡಿಯಬಾರದು.