ಗಂಜಿ ಇಳಿಯುತ್ತೆ, ನೀರು ಯಾಕೆ ಇಳಿಯಲ್ಲ?

ಪ್ರಶ್ನೆ: ಗಂಟಲು ಕ್ಯಾನ್ಸರ್‌ಗೆ ನಮ್ಮ ತಂದೆಗೆ ರೇಡಿಯೇಷನ್ ಆಗಿ ವರ್ಷವಾಯಿತು. ಗಂಜಿ ಸಲೀಸಾಗಿ ಕುಡಿಯುತ್ತಾರೆ, ನೀರು ಕುಡಿದರೆ ಕೆಮ್ಮು. ಯಾಕೆ?
— ಓದುಗರು, ಬನಶಂಕರಿ

ಉತ್ತರ: ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರಿ ಶ್ವಾಸನಾಳ ಮುಚ್ಚಿಕೊಳ್ಳಬೇಕು. ಗಂಟಲ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ, ಅದು ಏರಿಳಿಯುವುದು ತಿಳಿಯುತ್ತದೆ. ರೇಡಿಯೇಷನ್ ಬಿದ್ದ ಸ್ನಾಯುಗಳು ಕ್ರಮೇಣ ಬಿಗಿದುಕೊಳ್ಳುತ್ತವೆ; ಈ ಚಲನೆ ತಡವಾಗುತ್ತದೆ. ನೀರಿಗೆ ಕಾಯುವ ತಾಳ್ಮೆಯಿಲ್ಲ, ಮುಚ್ಚುವ ಮೊದಲೇ ಶ್ವಾಸನಾಳಕ್ಕೆ ನುಗ್ಗುತ್ತದೆ. ಗಂಜಿ, ರಾಗಿ ಅಂಬಲಿ ನಿಧಾನವಾಗಿ ಇಳಿಯುವುದರಿಂದ ಸಮಯ ಸಿಗುತ್ತದೆ. ಹಾಗಂತ ಗಟ್ಟಿಯಾದಷ್ಟೂ ಒಳ್ಳೆಯದಲ್ಲ. ರೇಡಿಯೇಷನ್‌ನಿಂದ ಜೊಲ್ಲು ಕಡಿಮೆಯಾದ ಬಾಯಿಗೆ ಒಣ ಚಪಾತಿ, ಅವಲಕ್ಕಿ ಅಂಟಿಕೊಳ್ಳುತ್ತವೆ.

ಕೆಮ್ಮು ಬರುತ್ತಿರುವುದು ಒಂದು ಲೆಕ್ಕದಲ್ಲಿ ವಾಸಿ. ಕೆಲವರಿಗೆ ಗಂಟಲಿನ ಸಂವೇದನೆಯೇ ಕುಂದಿ, ನೀರು ಶ್ವಾಸಕೋಶ ಸೇರಿದರೂ ಕೆಮ್ಮು ಬರುವುದಿಲ್ಲ. ಪದೇಪದೇ ಜ್ವರ, ಕಫ, ನ್ಯುಮೋನಿಯಾ ಆದಾಗಲೇ ಗೊತ್ತಾಗುವುದು. ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್‌ರೇ ವಿಡಿಯೋ ತೆಗೆದರೆ ಎಲ್ಲಿ ಜಾರುತ್ತಿದೆ ಎಂದು ಕಾಣುತ್ತದೆ.

ತಂದೆಯವರನ್ನು ಚಿಕಿತ್ಸೆ ಕೊಟ್ಟ ವೈದ್ಯರಿಗೆ ಮತ್ತೆ ತೋರಿಸಿ. ಹೊಸದಾಗಿ ಶುರುವಾದ ತೊಂದರೆಯಾದರೆ ಕಾಯಿಲೆ ಮರುಕಳಿಸಿಲ್ಲ ಎಂಬುದೂ ಖಚಿತವಾಗಬೇಕು. ನಿಮಗೆ ಹತ್ತಿರದಲ್ಲೇ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿದೆ. ನುಂಗುವ ವ್ಯಾಯಾಮ ಕಲಿಸುವವರು ವಾಕ್ ಚಿಕಿತ್ಸಕರು. ಮಾತು ಕಲಿಸುವವರಿಗೆ ಇಲ್ಲೇನು ಕೆಲಸ ಎಂದುಕೊಳ್ಳಬೇಡಿ, ಎರಡಕ್ಕೂ ನಾಲಿಗೆ, ಗಂಟಲೇ ಆಧಾರ. ಗದ್ದ ಎದೆಗೆ ತಾಗಿಸಿ ನುಂಗುವ ಉಪಾಯ ಎಲ್ಲರಿಗೂ ಹೊಂದುವುದಿಲ್ಲ. ಪರೀಕ್ಷೆಯ ನಂತರ ಅವರು ಹೇಳಿದರಷ್ಟೇ ಮಾಡಿಸಿ. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕೊಡಿ. ಊಟದ ಹೊತ್ತಿಗೆ ಟೀವಿ ಬೇಡ.