ಮೊದಲ ಪಾಠ: ಬೀಳುವುದು

ಕರಾಟೆ, ಜೂಡೋ ಕಲಿತರೆ ಮಕ್ಕಳು ಜಗಳಗಂಟರಾಗ್ತಾರೆ ಎಂದು ಅನೇಕ ಪೋಷಕರು ನಮ್ಮಲ್ಲಿ ಹೇಳುವುದುಂಟು. ಜಿಗೊರೊ ಕಾನೊ ಎಂಬ ಶಿಕ್ಷಕರು 1882ರಲ್ಲಿ ಟೋಕಿಯೋದಲ್ಲಿ ಆರಂಭಿಸಿದ ಜೂಡೋವನ್ನೇ ನೋಡೋಣ. ಇಲ್ಲಿ ಮೊದಲು ಕಲಿಸುವುದು ಬೇರೆಯವರನ್ನು ಬೀಳಿಸುವುದನ್ನಲ್ಲ, ಪೆಟ್ಟಾಗದ ಹಾಗೆ ತಾವು ಬೀಳುವುದನ್ನು. ಆಟದ ಮೊದಲೂ ಕೊನೆಗೂ ಎದುರಾಳಿಗೆ ತಲೆಬಾಗಬೇಕು. ಹಿಡಿತದಲ್ಲಿ ಸಿಕ್ಕವರು ಕೈಯಿಂದ ಎರಡು ಸಲ ತಟ್ಟಿದರೆ ಹಿಡಿದವರು ತಕ್ಷಣ ಬಿಡಲೇಬೇಕು. ಸೋತರೆ ಅವಮಾನವಿಲ್ಲ, ಗೆಲ್ಲುವಾಗಲೂ ಕೈ ತಡೆಯಬೇಕು ಎಂಬುದು ಹೀಗೆ ದಿನದಿನವೂ ಮೈಗೂಡುತ್ತದೆ. ಹದಿಹರೆಯದ ಎಷ್ಟೋ ಜಗಳಗಳು ಇವೆರಡು ತಿಳಿಯದೆಯೇ ಬೆಳೆಯುತ್ತವೆ. ಆದರೆ ಬರೀ ಹೊಡೆತ, ಪದಕ ಅಂತ ನಡೆಸುವ ತರಗತಿಯಲ್ಲಿ ಈ ಗುಣ ಬಾರದು. ಆದ್ದರಿಂದ ಮಕ್ಕಳನ್ನು ಸೇರಿಸುವ ಮೊದಲು ಒಂದು ದಿನ ಹೋಗಿ ಕುಳಿತು ನೋಡಿ: ಒಬ್ಬರು ತಟ್ಟಿದಾಗ ಇನ್ನೊಬ್ಬರು ಬಿಡುತ್ತಾರೆಯೇ?